ಕೊಟ್ಟರೆ ಚಿಗುರದ ಗಿಡ

ಮನೆಯೊಳಗೆ ಗಿಡ ಇಟ್ಟುಕೊಳ್ಳಿ, ಆರೋಗ್ಯಕ್ಕೆ ಒಳ್ಳೆಯದು ಎಂದು ನಾನು ಯಾರಿಗೆ ಹೇಳಿದರೂ ಸರಿ, ಸ್ವಲ್ಪ ದಿನದೊಳಗೆ ನನಗೆ ಆಘಾತವಾಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಗಿಡದಿಂದ ಅಲ್ಲ. ಗಿಡಗಳು ಶಿಸ್ತಿನ ಜೀವಿಗಳು. ಇಟ್ಟ ಕಡೆ ಇರುತ್ತವೆ, ಬೆಳಕು ಬಂದ ಕಡೆ ತಿರುಗುತ್ತವೆ, ಸಾಕಾದ ಮೇಲೆ ಇನ್ನೂ ಬೇಕು ಎನ್ನುವುದಿಲ್ಲ. ಆಘಾತವೆಲ್ಲ ಮನುಷ್ಯರಿಂದ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಉಗುರು ನೋಡಿಯೇ ತರಗತಿಯೊಳಗೆ ಬಿಡುತ್ತಿದ್ದರು. ಆಮೇಲೆ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದೆ. ನನ್ನ ವಾರ್ಡಿನಲ್ಲಿ ಹಾಸಿಗೆಯ ಬೆಡ್‌ಶೀಟಿನ ಮೂಲೆ ಸರಿಯಾಗಿ ಮಡಚಿಲ್ಲವೆಂದರೆ ರೋಗಿಯನ್ನು ಎಬ್ಬಿಸಿ ಕೂರಿಸಿ ಮತ್ತೆ ಹಾಸಿಸುತ್ತಿದ್ದೆ. ಗಿಡದ ವಿಷಯದಲ್ಲೂ ನನ್ನದು ಅಷ್ಟೇ ಖಚಿತವಾದ ಅಭಿಪ್ರಾಯ. ಗಿಡ ಔಷಧಿಯಲ್ಲ, ಮಾತ್ರೆಯ ಬದಲಿಗೆ ಬರುವುದಿಲ್ಲ. ಆದರೆ ಕಿಟಕಿಯ ಪಕ್ಕದಲ್ಲಿ ಹಸಿರಿದ್ದರೆ ಕಣ್ಣಿಗೆ ತಂಪು, ಮನಸ್ಸಿಗೆ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ನೋಡಿಕೊಳ್ಳಬೇಕಾದ ಜೀವ ಒಂದು ಮನೆಯಲ್ಲಿದ್ದರೆ ಮಲಗಿದವರು ಎದ್ದು ಓಡಾಡುತ್ತಾರೆ. ಇದರಲ್ಲಿ ಸಂಶಯವೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ನನ್ನ ನಾದಿನಿ ನಮ್ಮ ಮನೆಗೆ ಬರುವ ತನಕ.

ದನವೂ ತಿನ್ನದ ಗಿಡ

ನಾದಿನಿ ಎಂದರೆ ನಮ್ಮ ಯಜಮಾನರ ಅಕ್ಕ. ನಾನೂ ಅಕ್ಕ ಎಂದೇ ಕರೆಯುವುದು. ಆಂಧ್ರದ ಗಡಿಯ ನಗರಗೆರೆಯ ಕಡೆ ಜಮೀನು, ದನಕರು, ಬೋರ್‌ವೆಲ್ ಎಲ್ಲವನ್ನೂ ಒಂದು ಕೂಗಿನಲ್ಲಿ ಆಳಿದ ಹೆಂಗಸು. ಬಲ ಮಂಡಿಗೆ ಆಪರೇಷನ್ ಆಯಿತು. ಡಾಕ್ಟರು ಇರುವ ಊರಿನಲ್ಲೇ ಇರಲಿ, ಮನೆಯಲ್ಲಿ ಮೇಟ್ರನ್ ಬೇರೆ ಇದ್ದಾಳೆ ಎಂದು ನಮ್ಮ ಮನೆಗೇ ಕರೆತಂದೆವು.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಹೊಲಿಗೆಯೂ ಮಾಯ್ದಿತ್ತು. ಆದರೆ ಅಕ್ಕ ಮಂಚ ಬಿಟ್ಟು ಇಳಿಯಲೊಲ್ಲರು. ಬಚ್ಚಲಿಗೆ ಹೋಗಬೇಕಾದರೂ ಒಂದು ಕಡೆ ನಾನು, ಇನ್ನೊಂದು ಕಡೆ ಯಜಮಾನರು.

ಡಾಕ್ಟರು ಖಂಡಿತವಾಗಿ ಹೇಳಿದ್ದರು. "ಅಜ್ಜಿ, ನಡೀಬೇಕು, ಮಂಡಿ ಮಡಚಬೇಕು. ಮುಂದಿನ ಸಲ ಬರೋ ಹೊತ್ತಿಗೂ ಹೀಗೇ ಬಿಗಿದಿದ್ರೆ ಮತ್ತೆ ಅನಸ್ತೇಷಿಯಾ ಕೊಟ್ಟು ನಾನೇ ಮಡಚಬೇಕಾಗುತ್ತೆ. ಅದಕ್ಕೂ ಬಗ್ಗದಿದ್ರೆ ಜೀವನಪೂರ್ತಿ ಕೋಲು ಕಾಲೇ."

ಅಕ್ಕ ಅವರಿಗೆ ಹ್ಞೂಂ ಎಂದರು. ಮನೆಗೆ ಬಂದು ನನಗೆ, "ಬಿದ್ರೆ ಯಾರಮ್ಮ ಎತ್ತೋರು? ನೀನಾ? ನಿನ್ನ ಸೀರೆ ಇಸ್ತ್ರಿ ಹಾಳಾಗಲ್ವಾ?" ಎಂದರು.

ನಡೆಯಲೆಂದು ತಂದ ವಾಕರಿನ ಮೇಲೆ ಮಾರನೆಯ ದಿನ ಅಕ್ಕನ ರವಿಕೆ, ಟವೆಲು, ಒಳಲಂಗ ಸಾಲಾಗಿ ಒಣಗುತ್ತಿದ್ದವು. ನನ್ನ ಸರ್ವಿಸಿನಲ್ಲಿ ವಾಕರಿಗೆ ಅಂಥ ಅವಮಾನ ಆದದ್ದನ್ನು ನಾನು ನೋಡಿರಲಿಲ್ಲ.

ಆಗ ನನ್ನ ಉಪಾಯ ತೆಗೆದೆ. ನರ್ಸರಿಗೆ ಹೋಗಿ, ಉದ್ದ ಕತ್ತಿಯಂಥ ಎಲೆಯ ಒಂದು ಸ್ನೇಕ್ ಪ್ಲಾಂಟ್ ತಂದು, ಬಿಳಿಯ ಕುಂಡದಲ್ಲಿಟ್ಟು, ಅಕ್ಕನ ಮುಂದೆ ಹಿಡಿದೆ.

"ಏಮಮ್ಮಾ ಇದಿ?" ಎಂದರು. ಆಶ್ಚರ್ಯವಾದಾಗ ಅಕ್ಕನಿಗೆ ತೆಲುಗು ತಾನಾಗಿ ಬರುತ್ತದೆ.

"ಗಿಡ ಅಕ್ಕ. ಇನ್ನು ಮೇಲೆ ಇದು ನಿಮ್ಮ ಜವಾಬ್ದಾರಿ."

"ತಿನ್ನಕ್ ಬರುತ್ತಾ?"

"ಇಲ್ಲ."

"ಹೂವು ಬಿಡುತ್ತಾ?"

"ಮುಡಿಯುವಂಥದ್ದಲ್ಲ."

"ದನ ತಿನ್ನುತ್ತಾ?"

"ಛೆ, ದನ ತಿನ್ನಬಾರದು, ಹೊಟ್ಟೆ ಕೆಡುತ್ತದೆ."

ಅಕ್ಕ ನನ್ನನ್ನೂ ಗಿಡವನ್ನೂ ಒಂದೇ ಕನಿಕರದಿಂದ ನೋಡಿದರು. "ಇಂಥದ್ದು ನಮ್ಮ ಹೊಲದಾಗೆ ಹುಟ್ಟಿದ್ರೆ ಕಿತ್ತು ಬದುವಿನ ಮೇಲೆ ಬಿಸಾಕಿಸ್ತಿದ್ದೆ ಕಣಮ್ಮ. ನೀನು ದುಡ್ಡು ಕೊಟ್ಟು ತಂದು ಪಿಂಗಾಣಿ ಬಟ್ಟಲಾಗೆ ಕೂರ್ಸಿದೀಯ. ಮಂಡಿ ನಂಗೆ ಕೆಟ್ಟಿರೋದು, ತಲೆ ಯಾರಿಗೆ ಕೆಟ್ಟಿರೋದು?"

ಮಂಚದ ಮೇಲಿನಿಂದ ನೀರಾವರಿ

ನಾನು ಸೋಲುವವಳಲ್ಲ. ಕುಂಡವನ್ನು ಮಂಚದ ಎದುರು ಗೋಡೆಯಲ್ಲಿ, ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ನೀರು ಹಾಕಬೇಕಾದರೆ ಅಲ್ಲಿಯ ತನಕ ನಡೆಯಲೇಬೇಕು. "ಗಿಡ ಒಣಗಿದರೆ ನಿಮ್ಮ ಹೆಸರಿಗೆ ಬರುತ್ತದೆ ಅಕ್ಕ, ರೈತರ ಮನೆಯವರು ನೀವು" ಎಂದೂ ಚುಚ್ಚಿದೆ.

ಔಷಧಿ ನಾಟಿತು ಎಂದುಕೊಂಡೆ. ಅಂದಿನಿಂದ ದಿನವೂ ಮಣ್ಣು ಒದ್ದೆಯಾಗಿರುತ್ತಿತ್ತು. ಬಗ್ಗಿ ಬೆರಳಿಟ್ಟು ನೋಡುತ್ತಿದ್ದೆ, ತೇವ ಸರಿಯಾಗಿದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಯಜಮಾನರನ್ನು ಕರೆದು, "ನೋಡಿ, ಒಂದು ಗಿಡ ಮಾಡಿದ ಕೆಲಸ!" ಎಂದೆ. ಅವರು ಗೋಡೆಯ ಕಡೆ ನೋಡಿ, "ಗೋಡೆ ಯಾಕೆ ಒದ್ದೆಯಾಗಿದೆ?" ಎಂದು ಕೇಳಿದರು. ಗಂಡಸರಿಗೆ ಬೇಡದ್ದೇ ಕಣ್ಣಿಗೆ ಬೀಳುವುದು ಎಂದು ನಾನು ಗಮನ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಕಾಫಿ ಹಿಡಿದು ಕೋಣೆಯ ಬಾಗಿಲು ತೆಗೆದೆ. ಮುಖಕ್ಕೆ ಒಂದು ಚೊಂಬು ತಣ್ಣೀರು ಬಂದು ಬಡಿಯಿತು.

ಅಕ್ಕ ಮಂಚದ ಮೇಲೆ ಕಾಲು ಚಾಚಿಕೊಂಡು, ಗೋಡೆಗೆ ಒರಗಿಕೊಂಡು, ಖಾಲಿ ಚೊಂಬು ಹಿಡಿದು ಕುಳಿತಿದ್ದರು. ಅಷ್ಟು ದಿನವೂ ಅಲ್ಲಿಂದಲೇ ಎರಚುತ್ತಿದ್ದರಂತೆ. ಕಡಲೆಕಾಯಿ ಹೊಲಕ್ಕೆ ನೀರು ಕಟ್ಟಿ ಪಳಗಿದ ಕೈ, ಗುರಿ ತಪ್ಪುತ್ತಿರಲಿಲ್ಲ.

ನನ್ನ ಪಿನ್ ಹಾಕಿದ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಕ್ಕ ಮಾತ್ರ ಶಾಂತವಾಗಿ, "ಬಾಗಿಲು ಬಡ್ದು ಬರ್ಬೇಕು ಅಂತ ನಿಮ್ಮ ಕಾನ್ವೆಂಟಲ್ಲಿ ಹೇಳ್ಕೊಡಲ್ವಾ?" ಎಂದರು.

ಚಿಂತಾಮಣಿಯ ಶುದ್ಧ ಗಾಳಿ

ಗಿಡದಿಂದ ಒಳ್ಳೆಯದಾದವರನ್ನು ಕಣ್ಣಾರೆ ತೋರಿಸಿದರೆ ಅಕ್ಕ ನಂಬಬಹುದು ಎಂದು ನನಗನ್ನಿಸಿತು. ಚಿಂತಾಮಣಿಯಲ್ಲಿ ನಮ್ಮ ಯಜಮಾನರ ಗೆಳೆಯರೊಬ್ಬರಿದ್ದಾರೆ. ಟೊಮೆಟೊ ಮಂಡಿ ವ್ಯಾಪಾರ. ದಮ್ಮು ಕಟ್ಟುತ್ತದೆ ಎಂದು ನನ್ನನ್ನು ಕೇಳಿದ್ದರು. ನಾನು ಹೇಳಿದ್ದು ಎರಡೇ ಮಾತು: ಮೊದಲು ಸಿಗರೇಟು ಬಿಡಿ, ಆಮೇಲೆ ಮನಸ್ಸು ಅತ್ತ ಎಳೆಯದ ಹಾಗೆ ಕೋಣೆಯಲ್ಲಿ ನಾಲ್ಕು ಗಿಡ ಇಟ್ಟು ನೋಡಿಕೊಳ್ಳಿ. ಆಮೇಲೆ ಫೋನಿನಲ್ಲಿ, "ನಿಮ್ಮ ಮಾತು ಕೇಳಿ ಬದುಕಿದೆ ಮೇಡಮ್, ಮನೆ ತುಂಬ ಗಿಡ" ಎಂದು ಹೊಗಳಿದ್ದರು. ಅವರನ್ನೇ ಮನೆಗೆ ಕರೆತಂದು ಅಕ್ಕನಿಗೆ ನಾಲ್ಕು ಬುದ್ಧಿಮಾತು ಹೇಳಿಸೋಣವೆಂದು ನಾನು, ಯಜಮಾನರು ಇಬ್ಬರೂ ಹೋದೆವು.

ಮನೆ ತುಂಬ ಗಿಡ ಎಂಬುದು ಸುಳ್ಳಲ್ಲ. ಹಜಾರದಲ್ಲಿ, ಮೆಟ್ಟಿಲ ಮೇಲೆ, ಟಿವಿಯ ಆಚೆ ಈಚೆ ಎಲ್ಲ ಕಡೆಯೂ ಕುಂಡ. ಅವರು ಮಾತ್ರ ಕಾಣಲಿಲ್ಲ. ಒಂದು ದೊಡ್ಡ ಪಾಮ್ ಗಿಡದ ಹಿಂದಿನಿಂದ ಹೊಗೆ ಏಳುತ್ತಿತ್ತು. ಬೆಂಕಿ ಬಿದ್ದಿದೆ ಎಂದು ನಾನು ಕೂಗಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಎಲೆಗಳ ನಡುವಿನಿಂದ, "ಬನ್ನಿ ಬನ್ನಿ, ಕೂತ್ಕೊಳ್ಳಿ ಮೇಡಮ್!" ಎಂದು ದನಿ ಬಂತು.

ಆರಾಮ ಕುರ್ಚಿಯಲ್ಲಿ ಮಲಗಿದಂತೆ ಕುಳಿತು, ಮೂಗಿನ ಎರಡೂ ಪಕ್ಕದಲ್ಲಿ ಎಲೆ ಇಟ್ಟುಕೊಂಡು, ಸಿಗರೇಟು ಸೇದುತ್ತಿದ್ದರು.

"ಇದೇನು?" ಎಂದೆ.

"ಕೆಲ್ಸ ಹಂಚ್ಕೊಂಡಿದೀವಿ ಮೇಡಮ್. ಎಳೆಯೋದನ್ನ ನಾನು ಎಳೀತೀನಿ, ಬಿಡೋ ಹೊಗೇನ ಗಿಡ ನೋಡ್ಕೊಳ್ಳುತ್ತೆ. ಮುಂಚೆ ಒಂದೇ ಗಿಡ ಇತ್ತು, ಒಂದೇ ಪ್ಯಾಕೆಟ್ಟು. ಈಗ ಗಿಡ ಜಾಸ್ತಿ ಆದ್ಮೇಲೆ ಧೈರ್ಯ ಬಂದಿದೆ."

ಕುಂಡದೊಳಗೆ ನೋಡಿದೆ. ಗೊಬ್ಬರವೆಂದು ನಾನು ತಿಳಿದದ್ದು ಸಿಗರೇಟಿನ ತುಂಡುಗಳು. ಅವರ ಹೆಂಡತಿ ಕಾಫಿ ತಂದಿಡುತ್ತಾ, "ರಾತ್ರಿ ಇವರೊಬ್ರೇ ಕೆಮ್ತಾ ಇದ್ರು ಮೇಡಮ್. ಇನ್ನು ಆ ಗಿಡಾನೂ ಕೆಮ್ಮೋದೊಂದು ಬಾಕಿ" ಎಂದರು.

ಅವರನ್ನು ಅಕ್ಕನ ಜೊತೆ ಮಾತಾಡಿಸುವ ಯೋಚನೆ ಅಲ್ಲೇ ಬಿಟ್ಟೆ. ಆದರೆ ಯಜಮಾನರು ಆಗಲೇ ಫೋನ್ ಹಚ್ಚಿ ಗೆಳೆಯನ ಕೈಗೆ ಕೊಟ್ಟಾಗಿತ್ತು. ಆ ಮಹಾನುಭಾವ ಅಕ್ಕನಿಗೆ ಹೇಳಿದ್ದು ಇಷ್ಟೇ:

"ಏನೂ ಯೋಚ್ನೆ ಮಾಡ್ಬೇಡಿ ಅಕ್ಕ. ನೀವು ಆರಾಮಾಗಿ ಮಲ್ಕೊಂಡಿರಿ. ಮಾಡೋದನ್ನೆಲ್ಲ ಗಿಡ ಮಾಡುತ್ತೆ."

ಬೆಲ್ ಒತ್ತಿ ಕೇಳಿ

ನಮ್ಮ ವರಾಂಡದಲ್ಲಿ ಒಂದು ಮನಿ ಪ್ಲಾಂಟ್ ಇದೆ. ಗೋಡೆಗೆ ಹಬ್ಬಿ, ಕಿಟಕಿಯ ಕಂಬಿ ಸುತ್ತಿ, ಗೇಟಿನವರೆಗೆ ಬಂದಿದೆ. ಪ್ರತಿ ಭಾನುವಾರ ಎಲೆಯೆಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಇಷ್ಟು ನೋಡಿಕೊಂಡರೂ ಆಗಾಗ ಬಳ್ಳಿಯ ತುದಿ ಮಾಯವಾಗಿರುತ್ತದೆ. ಅದೂ ನೀಟಾಗಿ ಕತ್ತರಿಸಿದ್ದಲ್ಲ, ಹರಿದದ್ದು. ಗಾಯ ನೋಡಿದರೆ ನನಗೆ ಸಂಕಟ.

ನಮ್ಮ ಬೀದಿಯ ಮೂಲೆಮನೆಯ ಲಾಯರ ಹೆಂಡತಿಗೆ ಹೇಳಿಕೊಂಡೆ. ಎಲ್ಲರೂ ಅವರನ್ನು ಲಾಯರಮ್ಮ ಎನ್ನುವುದು. "ಛೆ ಛೆ, ಮಾನ ಮರ್ಯಾದೆ ಇಲ್ದೋರು! ನಾವು ಕ್ಯಾಮೆರಾ ಹಾಕ್ಸಿದೀವಿ ಮೇಟ್ರನಮ್ಮ, ನೀವೂ ಹಾಕ್ಸಿ" ಎಂದು ಮನಸಾರೆ ಬೈದರು. ಓದಿದವರ ಜೊತೆ ಮಾತಾಡಿದರೆ ಸಮಾಧಾನ.

ಆದರೆ ಕ್ಯಾಮೆರಾ ನನಗೆ ಹಿಡಿಸಲಿಲ್ಲ. ಕೇಳಿದರೆ ಕೊಡುವವಳ ಮನೆಯಲ್ಲಿ ಕದಿಯುವುದೇಕೆ? ಒಂದು ಬೋರ್ಡು ಬರೆಸಿ ಬಳ್ಳಿಯ ಪಕ್ಕ ತೂಗುಹಾಕಿದೆ: "ಮನಿ ಪ್ಲಾಂಟ್ ಬೇಕಾದವರು ದಯವಿಟ್ಟು ಬೆಲ್ ಒತ್ತಿ ಕೇಳಿ. ಉಚಿತವಾಗಿ ಕೊಡಲಾಗುವುದು."

ಒಬ್ಬರೂ ಬೆಲ್ ಒತ್ತಲಿಲ್ಲ. ಬಳ್ಳಿ ಮಾತ್ರ ಮೊದಲಿಗಿಂತ ಬೇಗ ಬೇಗ ಹರಿಯತೊಡಗಿತು.

ಒಂದು ಮಧ್ಯಾಹ್ನ ಬಾಗಿಲು ತೆಗೆದಾಗ, ನಮ್ಮ ಬೀದಿಯವಳಲ್ಲದ ಒಬ್ಬ ಹೆಂಗಸು ಕಂಬಿಯೊಳಗೆ ಕೈ ಹಾಕಿ ಬಳ್ಳಿ ಹಿಡಿದು ನಿಂತಿದ್ದಳು. ನಾನು ಕೋಪಿಸಿಕೊಳ್ಳಲಿಲ್ಲ. ಕತ್ತರಿ ತಂದು, ಒಳ್ಳೆಯ ಗೆಣ್ಣು ನೋಡಿ ಕತ್ತರಿಸಿ, "ತೆಗೆದುಕೊಳ್ಳಿ" ಎಂದು ಮರ್ಯಾದೆಯಿಂದ ಕೊಟ್ಟೆ.

ಅವಳು ಬೆಂಕಿ ಮುಟ್ಟಿದವಳ ಹಾಗೆ ಹಿಂದೆ ಸರಿದಳು. "ಅಯ್ಯೋ ಬೇಡ ಬೇಡ! ನೀವು ನೋಡ್ಬಿಟ್ರಲ್ಲ, ಇನ್ನು ಇದು ಬರಲ್ಲ. ಒಳ್ಳೇ ಟೈಮಲ್ಲಿ ಬಾಗ್ಲು ತೆಗೆದ್ರಿ ನೀವು!" ಎಂದು ನನ್ನನ್ನೇ ಗದರಿ ಹೊರಟುಹೋದಳು.

ಕತ್ತರಿ, ಕಡ್ಡಿ ಹಿಡಿದು ಒಳಗೆ ಬಂದು ಅಕ್ಕನಿಗೆ ಹೇಳಿದೆ. ಅಕ್ಕನಾದರೂ ಅನ್ಯಾಯ ಎನ್ನುತ್ತಾರೆಂದು ನನ್ನ ನಂಬಿಕೆ.

"ಇನ್ನೇನಮ್ಮ ಮತ್ತೆ?" ಎಂದರು ಅಕ್ಕ. "ಮನಿ ಪ್ಲಾಂಟು ಕದ್ದು ತಂದ್ರೇನೆ ಚಿಗುರೋದು, ಮನೆಗೆ ಒಳ್ಳೇದಾಗೋದು. ಕೊಟ್ಟಿದ್ದು ಬರಲ್ಲ, ಕೊಂಡಿದ್ದೂ ಬರಲ್ಲ. ಇಷ್ಟೂ ಗೊತ್ತಿಲ್ದೆ ಬೋರ್ಡು ಬೇರೆ ಹಾಕಿದೀಯ. ಪಾಪ, ಎಷ್ಟು ಜನ ಅದನ್ನ ಓದ್ಕೊಂಡು ಬೇಜಾರ್ ಮಾಡ್ಕೊಂಡು ಹೋದ್ರೋ!"

ಈ ಮೂಢನಂಬಿಕೆಯನ್ನು ಅಲ್ಲೇ ಮುರಿಯಬೇಕೆಂದು, ಅದೇ ಕಡ್ಡಿಯನ್ನು ತೊಳೆದ ಗಾಜಿನ ಬಾಟಲಿಯಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಇಟ್ಟು ಅಕ್ಕನ ಮಂಚದ ಪಕ್ಕ ನಿಲ್ಲಿಸಿದೆ. "ಇದು ನಾನು ಕೊಟ್ಟದ್ದು. ಚಿಗುರುತ್ತದೋ ಇಲ್ಲವೋ ನೋಡಿ" ಎಂದೆ.

ವಾರ ಕಳೆಯುವುದರೊಳಗೆ ಎಲೆ ಹಳದಿಯಾಗಿ, ಕಡ್ಡಿ ಕೊಳೆಯಿತು. ಜೀವಮಾನದಲ್ಲಿ ನನ್ನ ಕೈಯಿಂದ ಒಂದು ಮನಿ ಪ್ಲಾಂಟ್ ಸತ್ತದ್ದು ಅದೇ ಮೊದಲು.

"ನಾನ್ ಹೇಳಿಲ್ವಾ?" ಎಂದರು ಅಕ್ಕ. ಆಪರೇಷನ್ ಆದ ಮೇಲೆ ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. "ನನ್ನ ಕಾಲೊಂದು ನೆಟ್ಟಗಿದ್ದಿದ್ರೆ ತೋರಿಸ್ತಿದ್ದೆ, ಹೆಂಗೆ ಬರ್ಸೋದು ಅಂತ."

"ನಮ್ಮ ಮನೆಯಲ್ಲಿ ಕಳ್ಳತನದ ಮಾತು ಆಡಬಾರದು ಅಕ್ಕ" ಎಂದು ಹೇಳಿ ಬಾಟಲಿ ತೊಳೆದಿಟ್ಟೆ.

ಹುಳದ ಮನೆ ಬಾಗಿಲಲ್ಲಿ

ಹೂವು ಬಿಡುವ ಗಿಡವಾದರೂ ಆಗಿದ್ದರೆ ಎಂದು ಅಕ್ಕ ಒಮ್ಮೆ ಗೊಣಗಿದ್ದು ನೆನಪಾಯಿತು. ಶಿಡ್ಲಘಟ್ಟದ ಹತ್ತಿರ ಒಂದು ರೇಷ್ಮೆ ಹುಳ ಸಾಕುವ ಮನೆ. ಆ ಮನೆಯ ಸೊಸೆಯ ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ ಆದದ್ದು. ಕುಂಡದಲ್ಲಿ ಬೇರು ಬಿಟ್ಟ ದುಂಡುಮಲ್ಲಿಗೆ ಇದೆ, ಬಂದು ತೆಗೆದುಕೊಂಡು ಹೋಗಿ ಎಂದಿದ್ದಳು. ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ನರ್ಸರಿಯಿಂದ ಎಲೆ ಮಿರಮಿರ ಹೊಳೆಯುವ ಒಂದು ಗಿಡ ಕೊಂಡು, ತಲೆ ಬಾಚಿ, ಪೌಡರ್ ಹಾಕಿಕೊಂಡು, ಬಸ್ಸು ಹತ್ತಿ ಹೋದೆ.

ಅಂಗಳಕ್ಕೆ ಕಾಲಿಟ್ಟೆನಷ್ಟೆ. ಬಾಗಿಲಲ್ಲಿ ಕುಳಿತಿದ್ದ ಅಜ್ಜಿ, ಆ ಸೊಸೆಯ ಅತ್ತೆ, "ಅಲ್ಲೇ ನಿಂತ್ಕೊಳ್ಳಿ!" ಎಂದರು.

ನನಗೆ ನಿಂತುಕೊಳ್ಳಿ ಎಂದು ಹೇಳುವವರು ಯಾರಿದ್ದಾರೆ? ಆದರೂ ನಿಂತೆ.

"ಆ ಗಿಡಕ್ಕೆ ಔಷ್ದಿ ಹೊಡ್ದಿದಾರಾ?"

"ನರ್ಸರಿಯದು. ಹೊಡೆದಿರಬಹುದು."

"ಹಂಗಾದ್ರೆ ರಸ್ತೆ ಆಚೆ ಇಟ್ಟು ಬನ್ನಿ. ನಮ್ಮ ಹುಳಕ್ಕೆ ಅದರ ಗಾಳಿ ತಾಗಿದ್ರೂ ಉಳಿಯಲ್ಲ. ಮೈಗೆ ಏನ್ ಹಾಕಿದೀರಿ, ಘಮ್ ಅಂತದೆ?"

"ಪೌಡರ್."

"ಅಯ್ಯಯ್ಯೋ! ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋಗಿ."

ಹಿಂದಕ್ಕೆ ಹೋದೆ. ಶುಚಿತ್ವದ ವಿಷಯದಲ್ಲಿ ಇಡೀ ಆಸ್ಪತ್ರೆಯನ್ನು ನಡುಗಿಸಿದ ನನ್ನ ಕಾಲನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿಸಿದರು. ಅಷ್ಟಾದ ಮೇಲೂ ಒಳಗೆ ಬಿಡಲಿಲ್ಲ. ಹುಣಿಸೆ ಮರದ ಕೆಳಗೆ ಕುರ್ಚಿ ಹಾಕಿ, ದೂರದಿಂದಲೇ ಕಾಫಿ ಕೊಟ್ಟರು.

"ಬೇಜಾರ್ ಮಾಡ್ಕೋಬೇಡಿ ಸಿಸ್ಟರಮ್ಮ" ಎಂದರು ಅಜ್ಜಿ. "ನನ್ನ ಮೊಮ್ಮಗ ಹುಟ್ಟಿದಾಗ ನೋಡೋಕ್ ಬಂದಿದ್ದೆ. ಒಳಗೆ ಕೂಸಿದೆ, ಹಿಂಗೆಲ್ಲ ನುಗ್ಗಂಗಿಲ್ಲ ಅಂತ ಗೇಟ್ ಹತ್ರ ನಿಲ್ಲಿಸಿದ್ರಿ. ಸಾಯಂಕಾಲದ ತನಕ ನಿಂತಿದ್ದೆ, ಒಂದು ಮಾತಾಡಿದ್ನಾ? ನಿಮ್ಮ ಒಳಗೆ ಇದ್ದಿದ್ದು ಒಂದು ಕೂಸು. ನನ್ನ ಒಳಗೆ ಸಾವಿರಾರು ಅವೆ."

ಮಲ್ಲಿಗೆಯ ಕುಂಡ ತೆಗೆದುಕೊಂಡು ಹಿಂದಕ್ಕೆ ಬಂದೆ. ಇಂಥ ಒಬ್ಬ ಹೆಂಗಸು ನನ್ನ ವಾರ್ಡಿನ ಬಾಗಿಲಲ್ಲಿ ಇದ್ದಿದ್ದರೆ ಎಂದು ಬಸ್ಸಿನಲ್ಲಿ ದಾರಿಪೂರ್ತಿ ಅದನ್ನೇ ಯೋಚಿಸಿದೆ.

ಮಲ್ಲಿಗೆ ಅಕ್ಕನಿಗೆ ತುಂಬ ಹಿಡಿಸಿತು. ಮೊಗ್ಗು ಬಿಟ್ಟಾಗ ಯಜಮಾನರು ಬಿಡಿಸಿ ತಂದು ಮಂಚದ ಮೇಲೆ ಸುರಿಯುವರು, ಅಕ್ಕ ಕಾಲು ಚಾಚಿಕೊಂಡು ಮಾಲೆ ಕಟ್ಟುವರು.

"ಅಕ್ಕ, ನೀವೇ ಎದ್ದು ಹೋಗಿ ಬಿಡಿಸಬಾರದೆ?" ಎಂದರೆ, "ಹೂವು ಕಟ್ಟೋಕೆ ಕೂತ್ಕೊಂಡಿರ್ಬೇಕಲ್ಲಮ್ಮ? ಓಡಾಡ್ಕೊಂಡು ಯಾರಾದ್ರೂ ಹೂ ಕಟ್ತಾರಾ?" ಎಂದರು.

ತೊಂಡೇಬಾವಿಯ ಬಜ್ಜಿ

ಡಾಕ್ಟರ ಬಳಿ ಹೋಗಬೇಕಾದ ದಿನ ಹತ್ತಿರ ಬಂತು. ನಿಜ ಹೇಳಬೇಕೆಂದರೆ ನನಗೆ ನಿದ್ರೆ ಬರುತ್ತಿರಲಿಲ್ಲ. ಅಕ್ಕನ ವಯಸ್ಸಿಗೆ ಮತ್ತೆ ಅನಸ್ತೇಷಿಯಾ ಎಂದರೆ ಆಟವಲ್ಲ. ದಿನವೂ ವಾಕರ್ ಹಿಡಿಸಿ ವರಾಂಡದ ಮೆಟ್ಟಿಲವರೆಗೆ ನಡೆಸಿ, "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು" ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಅಕ್ಕ ಬಾಯಲ್ಲಿ ಒಪ್ಪಿಸುತ್ತಿದ್ದರು, ಕಾಲಲ್ಲಿ ಅಲ್ಲ. "ಅಯ್ಯೋ, ಸತ್ತೆ" ಎಂದು ಮೊದಲ ಮೆಟ್ಟಿಲಲ್ಲೇ ಕುಸಿಯುತ್ತಿದ್ದರು.

ಆ ಸಮಯದಲ್ಲೇ ಗೌರಿಬಿದನೂರಿನ ಮಹಿಳಾ ಸಂಘದವರು ಭಾಷಣಕ್ಕೆ ಕರೆದರು. ವಿಷಯ, ಮನೆಯೊಳಗಿನ ಗಿಡಗಳಿಂದ ಆರೋಗ್ಯ. ಒಪ್ಪಿಕೊಂಡ ಮೇಲೆ ತಪ್ಪಿಸುವವಳಲ್ಲ ನಾನು. ಅಕ್ಕನ ಪಕ್ಕದಲ್ಲಿ ಯಜಮಾನರನ್ನು ಕುರ್ಚಿ ಹಾಕಿ ಕೂರಿಸಿ ಹೋದೆ. ಮಲಗಿದವರನ್ನು ಗಿಡ ಹೇಗೆ ಎಬ್ಬಿಸುತ್ತದೆ ಎಂದು ಅಲ್ಲಿ ನಾನು ಹೇಳುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸಿತು. ಆದರೂ ಚಪ್ಪಾಳೆ ತಟ್ಟಿದರು.

ಬರುವಾಗ ಸ್ವಲ್ಪ ಸುತ್ತಾದರೂ ತೊಂಡೇಬಾವಿಯಲ್ಲಿ ಇಳಿದೆ. ನನ್ನ ಕೈಕೆಳಗೆ ಆಯಾ ಆಗಿದ್ದವಳ ಮನೆ. ಅವಳ ಮೊಮ್ಮಕ್ಕಳಿಗೆ ಸದಾ ಕೆಮ್ಮು ಎಂದು ಒಂದು ಕುಂಡ ದೊಡ್ಡಪತ್ರೆ ಕೊಟ್ಟಿದ್ದೆ. ಒಂದೆರಡು ಎಲೆ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕೊಡಬೇಕೆಂದು ವಿವರವಾಗಿ ಹೇಳಿಯೂ ಇದ್ದೆ.

"ಗಿಡ ಹೇಗಿದೆ?" ಎಂದೆ.

"ಸೊಂಪಾಗಿ ಬಂದಿತ್ತು ಅಮ್ಮಾ. ತಗೊಳ್ಳಿ, ಬಿಸಿ ಇದೆ" ಎಂದು ತಟ್ಟೆ ತುಂಬ ಬಜ್ಜಿ ತಂದಿಟ್ಟಳು.

ಬಂದಿತ್ತು? ಹಿತ್ತಲಿಗೆ ಹೋಗಿ ನೋಡಿದೆ. ಕುಂಡದಲ್ಲಿ ಬೋಳು ಕಡ್ಡಿಗಳು ನಿಂತಿದ್ದವು. ಒಂದು ಎಲೆ ಇರಲಿಲ್ಲ.

"ನೀವು ಬರ್ತೀರಿ ಅಂತ ಒಂದೆಲೆ ಬಿಡ್ದಂಗೆ ಬಿಡಿಸ್ಬಿಟ್ಟೆ" ಎಂದಳು ಹೆಮ್ಮೆಯಿಂದ.

"ಮಕ್ಕಳ ಕೆಮ್ಮು?"

"ಅದು ಇದೆ ಅಮ್ಮಾ. ಬಜ್ಜಿ ತಿಂದ ದಿನ ಸ್ವಲ್ಪ ಜಾಸ್ತಿ."

ಮೂಲೆಮನೆಯ ಕ್ಯಾಮೆರಾ

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಬೆಲ್ ಬಡಿದುಕೊಂಡಿತು. ಲಾಯರಮ್ಮ ಫೋನ್ ಹಿಡಿದುಕೊಂಡು, ಮುಖ ಕೆಂಪಾಗಿ ನಿಂತಿದ್ದರು. ಡಾಕ್ಟರ ಬಳಿ ಹೋಗಲು ಇನ್ನು ಒಂದೇ ದಿನ ಉಳಿದಿತ್ತು. ನನ್ನ ಮನಸ್ಸು ಎಲ್ಲೋ ಇತ್ತು.

"ನೋಡಿ ಮೇಟ್ರನಮ್ಮ, ಕಾಲ ಎಲ್ಲಿಗೆ ಬಂತು! ಲಾಯರ್ ಮನೇಲೇ ಕಳ್ಳತನ! ನಿನ್ನೆ ಮಧ್ಯಾಹ್ನ ನಮ್ಮ ಮನಿ ಪ್ಲಾಂಟ್ ಕಿತ್ಕೊಂಡು ಹೋಗಿದಾರೆ. ನಮ್ಮ ಮನೆಯವರು ಕಂಪ್ಲೇಂಟ್ ಕೊಡಣ ಅಂತಿದಾರೆ. ನಿಮಗೆ ಈ ಬೀದಿ ಪೂರ್ತಿ ಗೊತ್ತಲ್ಲ, ಯಾರು ಅಂತ ಹೇಳಿ."

ನಾನು ಕನ್ನಡಕ ಹಾಕಿಕೊಂಡೆ. ಫೋನಿನಲ್ಲಿ ಅವರ ಮನೆಯ ಗೇಟು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹಸಿರು ಸೀರೆಯ ಒಬ್ಬ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೇಟಿನೊಳಗೆ ಬಂದಳು. ಅತ್ತ ಇತ್ತ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಆ ಹಸಿರು ಸೀರೆಯನ್ನು ಇಸ್ತ್ರಿ ಮಾಡಿದ್ದು ನಾನೇ.

ಕಳ್ಳತನ! ನಮ್ಮ ಮನೆಯವರು! ಸಿಸ್ಟರ್‌ಗಳು ಈಗ ನನ್ನನ್ನು ನೋಡಿದರೆ ಏನೆನ್ನುತ್ತಾರೆ! ಕನ್ನಡಕ ತೆಗೆದುಬಿಡುವವಳಿದ್ದೆ. ಅಷ್ಟರಲ್ಲಿ ಫೋನಿನಲ್ಲಿದ್ದ ಕಳ್ಳಿ ಲಾಯರಮ್ಮನ ಮನೆಯ ಮೆಟ್ಟಿಲ ಮುಂದೆ ನಿಂತಳು. ಒಂದು ಕ್ಷಣ ಯೋಚಿಸಿದಳು. ಎಡಗಾಲು ಮೊದಲು ಮೇಲಿಟ್ಟಳು.

ಹತ್ತುವಾಗ ಒಳ್ಳೆ ಕಾಲು ಮೊದಲು.

ನಾನು ಫೋನಿಗೆ ಮೂಗು ತಾಗುವಷ್ಟು ಬಗ್ಗಿದೆ. ವಾಕರ್ ಇಲ್ಲ. ಕೋಲಿಲ್ಲ. ಯಜಮಾನರಿಲ್ಲ. 'ಅಯ್ಯೋ, ಸತ್ತೆ' ಇಲ್ಲ. ಒಂದೊಂದೇ ಮೆಟ್ಟಿಲು ಹತ್ತಿ, ಕುಂಡದ ಹತ್ತಿರ ಬಗ್ಗಿ, ಒಳ್ಳೆಯ ಗೆಣ್ಣು ನೋಡಿ ಚಕ್ಕನೆ ಮುರಿದು, ಸೀರೆಯ ಮಡಿಲಿಗೆ ಹಾಕಿಕೊಂಡು ತಿರುಗಿದಳು. ಇಳಿಯುವಾಗ ಆಪರೇಷನ್ ಆದ ಬಲಗಾಲು ಮೊದಲು. ಗೇಟಿನ ಹತ್ತಿರ ನಾಯಿ ಬೊಗಳಿರಬೇಕು, ಕೊನೆಯ ನಾಲ್ಕು ಹೆಜ್ಜೆ ಸುಮಾರಾಗಿ ಓಟವೇ.

"ಇನ್ನೊಂದು ಸಲ ಹಾಕಿ" ಎಂದೆ.

ಹಾಕಿದರು.

"ಮತ್ತೆ ಹಾಕಿ. ಆ ಬಗ್ಗುವ ಕಡೆ ನಿಲ್ಲಿಸಿ."

"ಗುರುತು ಸಿಕ್ತಾ ಮೇಟ್ರನಮ್ಮ? ಮುಖ ಸರಿಯಾಗಿ ಕಾಣಿಸ್ತಿದೆಯಾ?"

"ಮುಖ ಬಿಡಿ ಲಾಯರಮ್ಮ" ಎಂದೆ. ನನ್ನ ಕನ್ನಡಕ ಮಂಜಾಗಿತ್ತು. "ಮಂಡಿ ನೋಡಿ! ಎಷ್ಟು ಚೆನ್ನಾಗಿ ಮಡಚಿದೆ ನೋಡಿ!"

ಅವರು ನನ್ನನ್ನೇ ನೋಡಿದರು. ಅಷ್ಟರಲ್ಲಿ ಕೋಣೆಯೊಳಗಿಂದ ಅಕ್ಕನೇ ಹೊರಗೆ ಬಂದರು. ನಡೆದುಕೊಂಡು. ವಾಕರ್ ಒಳಗೆ ಎಂದಿನಂತೆ ಟವೆಲು ಒಣಗಿಸುತ್ತಿತ್ತು. ಅಕ್ಕನ ಕೈಯಲ್ಲಿ ನನ್ನ ಗಾಜಿನ ಬಾಟಲಿ, ಅದರೊಳಗೆ ಹಸಿರು ಕಡ್ಡಿ. ಹಿಂದೆ ಯಜಮಾನರು, ನಿನ್ನೆ ಮಧ್ಯಾಹ್ನ ಕಾವಲು ಕುರ್ಚಿಯಲ್ಲಿ ಗೊರಕೆ ಹೊಡೆದವರ ಮುಖ ಹೊತ್ತುಕೊಂಡು.

"ಏನ್ ಲಾಯರಮ್ಮ, ಒಂದು ಕಡ್ಡಿಗೆ ಇಷ್ಟು ಗಲಾಟೆನಾ?" ಎಂದರು ಅಕ್ಕ. "ಇವಳು ಕೊಟ್ಟಿದ್ದು ಕೊಳೆತೋಯ್ತು. ಹೆಂಗೆ ಬರ್ಸೋದು ಅಂತ ತೋರಿಸ್ಬೇಕಿತ್ತು. ಕೇಳಿ ತಗೊಳ್ಳೋ ವಸ್ತುನಾ ಇದು, ನೀವೇ ಹೇಳಿ?"

ಲಾಯರಮ್ಮನಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಒಂದು ಕಡ್ಡಿನಾ? ಅದನ್ನ ತಂದು ಬರ್ಸೋಕೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ? ಯಾರಾದ್ರೂ ನೋಡಿಬಿಟ್ರೆ ಅಂತ ಎದೆ ಡವಡವ ಅಂತಿತ್ತು..." ಎಂದವರು ತಟ್ಟನೆ ನಿಲ್ಲಿಸಿದರು.

ಲಾಯರಮ್ಮನ ಕಣ್ಣು ನನ್ನ ಬೋರ್ಡಿನ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು.

"ಯಾರು ನೋಡಿದರೆ?" ಎಂದೆ.

"ನೀವೇ ಮೇಟ್ರನಮ್ಮ" ಎಂದರು, ನೆಲ ನೋಡುತ್ತಾ. "ನಿಮ್ಮ ಬೋರ್ಡಿನ ಹಿಂದಿಂದ ಕೈ ಹಾಕಿ ಕಿತ್ತಿದ್ದೆ. ಬೆಲ್ ಒತ್ತಿ ಕೇಳಿದ್ರೆ ಬರಲ್ವಲ್ಲ?"

ಅಂದು ನನಗೆ ಮೂರನೆಯ ಆಘಾತ. ಲಾಯರ ಹೆಂಡತಿ! ಡಿಗ್ರಿ ಓದಿದವರು! ಏನಾದರೂ ಕಟುವಾಗಿ ಹೇಳಬೇಕೆಂದು ಬಾಯಿ ತೆಗೆದೆ. ಆದರೆ ಅಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಆಘಾತವಾದದ್ದು ಅಕ್ಕನಿಗೆ.

"ಹಂಗಾದ್ರೆ ಇದು ನಮ್ಮನೇದೇನಾ?" ಎಂದು ಬಾಟಲಿ ಎತ್ತಿ ಹಿಡಿದರು. "ಅಷ್ಟು ಕಷ್ಟಪಟ್ಟು ಹೋಗಿ ನಮ್ಮನೇದೇ ನಾನು ತಂದಿದೀನಾ? ನಮ್ಮದನ್ನ ನಾವು ತಂದ್ರೆ ಅದು ಕದ್ದಂಗೆ ಹೆಂಗಾಗುತ್ತೆ? ಸುಮ್ನೆ ದಂಡ! ಬರಲ್ಲ ಕಣಮ್ಮ ಇದು, ಬರಲ್ಲ!"

ಬಾಟಲಿಯನ್ನು ನನ್ನ ಕೈಗೆ ಕುಕ್ಕಿ, ಬಾಗಿಲ ಪಕ್ಕದಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ ಅಕ್ಕ?" ಎಂದು ಯಜಮಾನರು ಗಾಬರಿಯಾಗಿ ಕೇಳಿದರು.

"ಹಿಂದಿನ ಬೀದೀಲಿ ಯಾರ ಮನೇಲಾದ್ರೂ ಇರಲ್ವಾ? ನೋಡ್ಕೊಂಡು ಬರ್ತೀನಿ. ಹಾಲು ಕಾಯ್ಸಿಡಿ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟರು.

ಹಾಡಹಗಲಿನಲ್ಲಿ, ನನ್ನ ಕಣ್ಣೆದುರಿಗೇ, ನನ್ನ ಮನೆಯಿಂದ ಒಬ್ಬರು ಕಳ್ಳತನಕ್ಕೆ ಹೊರಟಿದ್ದಾರೆ. ಯಜಮಾನರು ನನ್ನ ಮುಖ ನೋಡಿದರು, ಲಾಯರಮ್ಮ ನನ್ನ ಮುಖ ನೋಡಿದರು. ನಾನು ತಡೆಯುತ್ತೇನೆ ಎಂದು ಇಬ್ಬರೂ ಕಾದರು.

ನಾನು ನೋಡುತ್ತಿದ್ದದ್ದು ವರಾಂಡದ ಮೆಟ್ಟಿಲನ್ನು. ಅಕ್ಕ ಅಲ್ಲಿ ಬಂದು ಒಂದು ಕ್ಷಣ ನಿಂತರು.

"ಯಾವ ಕಾಲು ಮೊದಲು?" ಎಂದು ಕೂಗಿದೆ.

"ಗೊತ್ತು ಬಿಡಮ್ಮ!" ಎಂದು, ಆಪರೇಷನ್ ಆದ ಕಾಲು ಮೊದಲಿಟ್ಟು ಇಳಿದು, ಗೇಟು ದಾಟಿ ಹೋದರು.